ಗಟ್ಟಿ ಎಣ್ಣೆಯ ಮೋಹ

ಮದುವೆಯ ಊಟ ಮುಗಿಸಿ, ಕೈತೊಳೆದು, ಎಲೆಯಡಿಕೆ ತಟ್ಟೆಯ ಸುತ್ತ ಗಂಡಸರು ಕುರ್ಚಿ ಎಳೆದುಕೊಂಡು ಕೂತ ಮೇಲೆ ಮಾತು ಯಾವ ದಾರಿ ಹಿಡಿಯುತ್ತದೆಂದು ಎಲ್ಲರಿಗೂ ಗೊತ್ತು. ಮಳೆ, ಅಡಿಕೆ ರೇಟು, ಸೈಟಿನ ಬೆಲೆ, ರಾಜಕೀಯ. ಇವೆಲ್ಲ ಬೇಗ ಸಪ್ಪೆಯಾಗುತ್ತವೆ. ಯಾರು ಏನು ಹೇಳುತ್ತಾರೆಂದು ಮೊದಲೇ ತಿಳಿದಿರುತ್ತದಲ್ಲ. ಸಭೆಗೆ ಕಳೆ ಕಟ್ಟಬೇಕೆಂದಿದ್ದರೆ ನಾನು ಒಂದು ಪ್ರಶ್ನೆ ಎಸೆದು ಸುಮ್ಮನಾಗಿಬಿಡುತ್ತೇನೆ: "ನನ್ನ ಕಾರಿಗೆ ಯಾವ ಎಂಜಿನ್ ಆಯಿಲ್ ಹಾಕಿಸಲಿ?"

ಎಷ್ಟು ಬಾಯಿಯೋ ಅಷ್ಟು ಉತ್ತರ. ಅಂಬಾಸಿಡರ್ ಓಡಿಸಿ ಮುದುಕರಾದ ದೊಡ್ಡಪ್ಪ, "ನಲವತ್ತರ ಆಯಿಲ್ ಹಾಕ್ಸೋ, ಗಟ್ಟಿಯಾಗಿರುತ್ತೆ. ಈಗಿನ ನೀರಿನಂಥದ್ದೆಲ್ಲ ಯಾವ ಮೂಲೆಗೆ?" ಎನ್ನುತ್ತಾರೆ. ವೈಟ್‌ಫೀಲ್ಡಿನಲ್ಲಿ ಕೆಲಸ ಮಾಡುವ ಭಾವನಿಗೆ ಫುಲ್ಲಿ ಸಿಂಥೆಟಿಕ್ ಅಲ್ಲದ್ದು ಎಣ್ಣೆಯೇ ಅಲ್ಲ. ಶಿರಸಿ ಕಡೆಯಿಂದ ಬಂದ ಮಾವ ಎಲ್ಲರನ್ನೂ ಒಮ್ಮೆ ನೋಡಿ, ತಮ್ಮ ಮನೆಯಲ್ಲಿ ಜೀಪಿಗೂ ಪವರ್ ಟಿಲ್ಲರಿಗೂ ತೋಟದ ಡೀಸೆಲ್ ಪಂಪಿಗೂ ಒಂದೇ ಬಕೆಟ್ಟಿನಿಂದ ಎಣ್ಣೆ ಹೋಗುತ್ತದೆ, ಯಾವುದೂ ಇದುವರೆಗೆ ದೂರು ಕೊಟ್ಟಿಲ್ಲ ಎಂದು ಘೋಷಿಸಿ ಸುಣ್ಣ ಹಚ್ಚತೊಡಗುತ್ತಾರೆ. ವಾದ ಜೋರಾಗುತ್ತದೆ. ಹುಡುಗಿಯ ಕಡೆಯವರು ಯಾರೋ ಎದ್ದು ಬಂದು, ತಮ್ಮ ಷಡ್ಡಕನ ಕಾರಿನ ಎಂಜಿನ್ ಸೀಜ್ ಆದ ಕರುಣಾಜನಕ ಕತೆ ಹೇಳುತ್ತಾರೆ. ಎರಡು ಕುಟುಂಬಗಳು ಹತ್ತಿರವಾಗುವುದು ಹೀಗೆಯೇ.

ಈ ಗಲಾಟೆಯಲ್ಲಿ ಒಬ್ಬರ ಬಾಯಿಂದಲೂ ಬಾರದ ಮಾತೊಂದಿದೆ. ಕಾರಿನ ಡ್ಯಾಶ್‌ಬೋರ್ಡಿನ ಗೂಡಿನಲ್ಲಿ, ಕೊಂಡ ದಿನದ ಪ್ಲಾಸ್ಟಿಕ್ ಹೊದಿಕೆಯಲ್ಲೇ ಬೆಚ್ಚಗೆ ಮಲಗಿರುವ ಕೈಪಿಡಿಯಲ್ಲಿ ಇದಕ್ಕೆ ಉತ್ತರ ಅಚ್ಚಾಗಿದೆ. ಯಾವ ದರ್ಜೆಯ ಎಣ್ಣೆ, ಎಷ್ಟು ಲೀಟರ್, ಎಷ್ಟು ಕಿಲೋಮೀಟರಿಗೊಮ್ಮೆ, ಎಲ್ಲವೂ. ಅದನ್ನು ಓದಿದರೆ ವಾದಕ್ಕೆ ಜಾಗವೇ ಇರುವುದಿಲ್ಲ ಎಂಬುದೇ ಓದದಿರಲು ಕಾರಣವೆಂದು ನನ್ನ ಗುಮಾನಿ.

ದೊಡ್ಡಪ್ಪನ ಪಕ್ಷಕ್ಕೆ ಮಾತ್ರ ನನ್ನಲ್ಲೊಂದು ಮೃದು ಜಾಗವಿದೆ. ನಮ್ಮ ಜನಕ್ಕೆ ಗಟ್ಟಿ ಎಂದರೆ ಒಳ್ಳೆಯದು ಎಂಬ ನಂಬಿಕೆ ಬಲವಾಗಿ ಬೇರೂರಿದೆ. ಹಾಲು ಗಟ್ಟಿಯಿರಬೇಕು, ಮೊಸರು ಗಟ್ಟಿಯಿರಬೇಕು, ಚಟ್ನಿ ಗಟ್ಟಿಯಿರಬೇಕು. ತೆಳುವಾದದ್ದೆಲ್ಲ ಯಾರೋ ನೀರು ಬೆರೆಸಿ ಮೋಸ ಮಾಡಿದ್ದು. ಹೊಸ ಕಾರಿನ ಕ್ಯಾನಿನಿಂದ ತಿಳಿಜೇನಿನ ಬಣ್ಣದ ಎಣ್ಣೆ ಸರಸರನೆ ಸುರಿಯುವುದನ್ನು ಕಂಡಾಗ ಹೊಟ್ಟೆಯಲ್ಲಿ ಆಗುವ ಸಂಕಟ, ಹಾಲಿನವನ ಮೇಲೆ ಬರುವ ಸಂಶಯದ ಜಾತಿಗೇ ಸೇರಿದ್ದು. ಈ ಸಂಶಯ ಪೂರ್ತಿ ಅಜ್ಞಾನದ್ದೇನಲ್ಲ. ಒಂದು ಕಾಲಕ್ಕೆ ಅದು ಸರಿಯಾಗಿಯೇ ಇತ್ತು. 1489 ಸಿಸಿಯ ಹಳೆಯ ಬ್ರಿಟಿಷ್ ಎಂಜಿನ್ ಹೊತ್ತ ಅಂಬಾಸಿಡರಿನಲ್ಲಿ, ಬೋರ್ ಸವೆದು, ರಿಂಗ್ ಸಡಿಲವಾಗಿ, ಸೈಲೆನ್ಸರಿನಿಂದ ನೀಲಿ ಹೊಗೆ ಬರತೊಡಗಿದ ಮೇಲೆ ದಪ್ಪ ಎಣ್ಣೆಯೇ ಆಪದ್ಬಾಂಧವ. ಅದು ಸಂದುಗಳಲ್ಲಿ ನಿಲ್ಲುತ್ತಿತ್ತು, ಟ್ಯಾಪೆಟ್ಟಿನ ಟಕಟಕ ಸದ್ದನ್ನು ಅಡಗಿಸುತ್ತಿತ್ತು, ಹೊಗೆಯನ್ನು ಒಂದಿಷ್ಟು ಕಡಿಮೆ ಮಾಡುತ್ತಿತ್ತು. ಬೆಂಗಳೂರಿಗೆ ಹೊರಟರೆ ಡಿಕ್ಕಿಯಲ್ಲಿ ನೀರಿನ ಕ್ಯಾನಿನ ಪಕ್ಕ ಎಣ್ಣೆಯ ಕ್ಯಾನೂ ಇರುತ್ತಿತ್ತು. ಮದ್ದೂರಿನಲ್ಲಿ ವಡೆ ತಿನ್ನಲು ನಿಂತಾಗ ಬಾನೆಟ್ ಎತ್ತಿ ಡಿಪ್‌ಸ್ಟಿಕ್ ನೋಡುವುದು ಪ್ರಯಾಣದ ಶಾಸ್ತ್ರಗಳಲ್ಲೊಂದು. 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂತು. ಅಲ್ಲಿಂದಾಚೆ ಎಂಜಿನ್ನುಗಳು ಬದಲಾದವು, ನಂಬಿಕೆ ಬದಲಾಗಲಿಲ್ಲ.

ಎಣ್ಣೆ ಎಂಜಿನ್ನಿನೊಳಗೆ ಏನು ಮಾಡುತ್ತದೆ ಎಂದು ಕೇಳಿದರೆ, ಲೋಹಕ್ಕೂ ಲೋಹಕ್ಕೂ ನಡುವೆ ಜಾರಿಕೆ ಎಂದು ಎಲ್ಲರೂ ಹೇಳುತ್ತಾರೆ. ಆದರೆ ಅದು ಅಲ್ಲಿ ನಿಲ್ಲುವುದಾದರೂ ಹೇಗೆ? ಅಷ್ಟು ಭಾರ ಬಿದ್ದಾಗ ಹಿಂಡಿ ಹೊರಗೆ ಹೋಗುವುದಿಲ್ಲವೇ? ಇದನ್ನು ಆಕಸ್ಮಿಕವಾಗಿ ಕಂಡವನು ಬೀಚಂಪ್ ಟವರ್ ಎಂಬ ಇಂಗ್ಲೆಂಡಿನ ಎಂಜಿನಿಯರ್. 1880ರ ದಶಕದಲ್ಲಿ ಅವನು ರೈಲಿನ ಅಚ್ಚಿನ ಬೇರಿಂಗುಗಳ ಮೇಲೆ ಪ್ರಯೋಗ ನಡೆಸುತ್ತಿದ್ದ. ಎಣ್ಣೆ ಬಿಡಲು ಅನುಕೂಲವಾಗಲಿ ಎಂದು ಬೇರಿಂಗಿನ ನೆತ್ತಿಗೆ ಒಂದು ತೂತು ಕೊರೆದ. ಅಚ್ಚು ತಿರುಗಿದ್ದೇ ತಡ, ಒಳಕ್ಕೆ ಹೋಗಬೇಕಾದ ಎಣ್ಣೆ ತೂತಿನಿಂದ ಹೊರಕ್ಕೆ ಉಕ್ಕತೊಡಗಿತು. ಬೆಣೆ ಬಡಿದು ಮುಚ್ಚಿದರೆ ಬೆಣೆಯನ್ನೇ ನಿಧಾನವಾಗಿ ಮೇಲಕ್ಕೆ ತಳ್ಳಿ ಬೀಳಿಸಿತು. ತಿರುಗುವ ಅಚ್ಚು ತಾನೇ ಎಣ್ಣೆಯನ್ನು ಕಿರಿದಾದ ಸಂದಿಗೆ ಎಳೆದುಕೊಂಡು, ಅಲ್ಲಿ ಒತ್ತಡ ಹುಟ್ಟಿಸಿಕೊಂಡು, ಅದರ ಮೇಲೆ ತೇಲುತ್ತಿತ್ತು. ಆಸ್ಬೋರ್ನ್ ರೆನಾಲ್ಡ್ಸ್ ಇದಕ್ಕೆ 1886ರಲ್ಲಿ ಗಣಿತ ಬರೆದ. ನಮ್ಮ ಕಾರಿನ ಕ್ರ್ಯಾಂಕ್ ಶಾಫ್ಟ್ ಇಂದಿಗೂ ಅದೇ ಲೆಕ್ಕದಲ್ಲಿ ತೇಲುತ್ತದೆ. ಎಣ್ಣೆಯ ಪದರ ತಲೆಗೂದಲಿಗಿಂತ ಎಷ್ಟೋ ತೆಳು. ಆ ಪದರ ಉಳಿಯುವುದಕ್ಕೆ ದಪ್ಪವೂ ಬೇಕು, ವೇಗವೂ ಬೇಕು. ದಪ್ಪ ಅತಿಯಾದರೆ ಎಣ್ಣೆಯನ್ನು ಕಡೆಯುವುದಕ್ಕೇ ಎಂಜಿನ್ ತನ್ನ ಶಕ್ತಿ ಸೋರಿಸಿಕೊಳ್ಳುತ್ತದೆ. ದೊಡ್ಡಪ್ಪ ಹೇಳುವುದು ಅರ್ಧ ನಿಜ ಎಂದು ನಾನು ಒಪ್ಪುವುದು ಇದಕ್ಕೇ.

ಇನ್ನು ಕ್ಯಾನಿನ ಮೇಲಿನ ಸಂಖ್ಯೆಗಳು. 5ಡಬ್ಲ್ಯು-30, 15ಡಬ್ಲ್ಯು-40, 20ಡಬ್ಲ್ಯು-50. ನನಗೆ ಗೊತ್ತಿರುವ ನಿವೃತ್ತ ಮೇಷ್ಟ್ರೊಬ್ಬರು ಇದು ಎಣ್ಣೆ ತಡೆಯುವ ಹವೆಯ ಲೆಕ್ಕ, 20 ಡಿಗ್ರಿಯಿಂದ 50 ಡಿಗ್ರಿವರೆಗೆ ನಡೆಯುತ್ತದೆ ಎಂದು ಬಹುಕಾಲ ನಂಬಿದ್ದರು. ರಾಯಚೂರಿನ ಮಗಳ ಮನೆಗೆ ಬೇಸಿಗೆಯಲ್ಲಿ ಹೋಗುವವರಾದ್ದರಿಂದ ಐವತ್ತರದ್ದೇ ಬೇಕೆಂದು ಹಟ. ನೋಡಿದರೆ ಸೊಗಸಾದ ತರ್ಕ, ಆದರೆ ಸಂಖ್ಯೆಗಳಿಗೂ ಡಿಗ್ರಿಗೂ ಸಂಬಂಧವಿಲ್ಲ. ಅವು ಅಮೆರಿಕದ ಎಸ್‌ಎಇ ಎಂಬ ಎಂಜಿನಿಯರರ ಸಂಘ ಕೊಟ್ಟ ದರ್ಜೆಗಳು. ಕೊನೆಯ ಸಂಖ್ಯೆ, ಎಣ್ಣೆ 100 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಎಷ್ಟು ದಪ್ಪ ಇರುತ್ತದೆಂದು ಹೇಳುತ್ತದೆ. 20 ಎಂದರೆ 6.9ರಿಂದ 9.3 ಸೆಂಟಿಸ್ಟೋಕ್, 30 ಎಂದರೆ 12.5ರವರೆಗೆ, 40 ಎಂದರೆ 16.3ರವರೆಗೆ, 50 ಎಂದರೆ 21.9ರವರೆಗೆ. ಮೊದಲ ಸಂಖ್ಯೆ, ಡಬ್ಲ್ಯು ಜೊತೆಯಲ್ಲಿರುವುದು, ಚಳಿಗಾಲದ್ದು. 20ಡಬ್ಲ್ಯು ಎಣ್ಣೆಯನ್ನು ಸೊನ್ನೆಗಿಂತ 15 ಡಿಗ್ರಿ ಕೆಳಗೆ ಪರೀಕ್ಷಿಸುತ್ತಾರೆ, 0ಡಬ್ಲ್ಯು ಆದರೆ 35 ಡಿಗ್ರಿ ಕೆಳಗೆ. ಮುಂಚೆ ಚಳಿ ದೇಶಗಳಲ್ಲಿ ಬೇಸಿಗೆಗೊಂದು ಚಳಿಗಾಲಕ್ಕೊಂದು ಎಣ್ಣೆ ಹಾಕಿಸುತ್ತಿದ್ದರು. ಎರಡನೆಯ ಮಹಾಯುದ್ಧ ಮುಗಿದ ಮೇಲೆ, 1950ರ ದಶಕದಿಂದ, ಬಿಸಿ ಏರಿದಂತೆ ಹಿಗ್ಗುವ ಪಾಲಿಮರುಗಳನ್ನು ಬೆರೆಸಿ ಎರಡೂ ಕಾಲಕ್ಕೆ ಸಲ್ಲುವ ಮಲ್ಟಿಗ್ರೇಡ್ ಬಳಕೆಗೆ ಬಂತು.

ಇಲ್ಲಿ ಸಭೆಯಲ್ಲಿ ಯಾರಾದರೂ ಎದ್ದು ನಿಂತು ಕೇಳಲೇಬೇಕು: "ನಮಗ್ಯಾಕೆ ಸ್ವಾಮಿ ಮೈನಸ್ ಮೂವತ್ತೈದರ ಎಣ್ಣೆ?" ನ್ಯಾಯವಾದ ಪ್ರಶ್ನೆ. ಬೆಂಗಳೂರಿನಲ್ಲಿ ಇದುವರೆಗೆ ದಾಖಲಾದ ಅತಿ ಕಡಿಮೆ ಉಷ್ಣಾಂಶವೇ 7.8 ಡಿಗ್ರಿ, ಅದೂ 1884ರ ಜನವರಿಯಲ್ಲಿ. ಆಗ ಕಾರೇ ಇರಲಿಲ್ಲ. ಆದರೆ ಈ ಪ್ರಶ್ನೆಯನ್ನು ನಾವು ನಮ್ಮ ಮೈಯಿಂದ ಕೇಳುತ್ತಿದ್ದೇವೆ, ಎಂಜಿನ್ನಿನ ಮೈಯಿಂದಲ್ಲ. 100 ಡಿಗ್ರಿಯ ಆಸುಪಾಸಿನಲ್ಲಿ ದುಡಿಯುವುದಕ್ಕೆಂದು ಹುಟ್ಟಿದ ಯಂತ್ರಕ್ಕೆ ಮೈಸೂರಿನ ಹಿತವಾದ ಬೆಳಗೇ ಕೊರೆಯುವ ಚಳಿ. ಎಣ್ಣೆ 40 ಡಿಗ್ರಿಯಲ್ಲಿರುವಾಗಲೂ 20ಡಬ್ಲ್ಯು-50ರ ದಪ್ಪ 0ಡಬ್ಲ್ಯು-20ರದ್ದಕ್ಕಿಂತ ಮೂರು ನಾಲ್ಕು ಪಟ್ಟು. ಬೆಳಿಗ್ಗೆ ಕೀಲಿ ತಿರುಗಿಸಿದಾಗ ತಳದ ಸಂಪಿನಲ್ಲಿ ಕೂತ ಎಣ್ಣೆ ಮೇಲಿನ ಕ್ಯಾಮ್ ಶಾಫ್ಟಿನವರೆಗೆ ಏರಬೇಕು. ಅಷ್ಟು ಹೊತ್ತು ಮೇಲಿನ ಭಾಗಗಳು ನಿನ್ನೆಯ ಪಸೆಯ ಮೇಲೇ ದಿನ ದೂಡಬೇಕು. ಬೇಗ ಏರುವ ಎಣ್ಣೆಗೆ ಇರುವ ಬೆಲೆ ಇದೇ. ಈಗಿನ ಎಂಜಿನ್ನುಗಳಲ್ಲಿ ಕವಾಟ ತೆರೆಯುವ ಹೊತ್ತನ್ನು ಹಿಂದೆ ಮುಂದೆ ಮಾಡುವುದೂ ಎಣ್ಣೆಯ ಒತ್ತಡದಿಂದಲೇ, ಸಣ್ಣ ಸಣ್ಣ ಕಿಂಡಿಗಳ ಮೂಲಕ. ಟರ್ಬೋ ಇದ್ದರಂತೂ ಅದರ ಪುಟ್ಟ ಶಾಫ್ಟ್ ನಿಮಿಷಕ್ಕೆ ಲಕ್ಷ ಸುತ್ತು ದಾಟುತ್ತದೆ. ಅಲ್ಲಿ ದೊಡ್ಡಪ್ಪನ ನಲವತ್ತರ ಆಯಿಲ್ ಹೊತ್ತಿಗೆ ಸರಿಯಾಗಿ ಮುಟ್ಟುವುದಿಲ್ಲ.

ಎಣ್ಣೆಯ ಮಾತು ಬಂದರೆ ನನಗೆ ಕಾರಿಗಿಂತ ಮೊದಲು ಗಾಡಿ ನೆನಪಾಗುತ್ತದೆ, ಎತ್ತಿನ ಗಾಡಿ. ಅಚ್ಚಿಗೆ ಸವರುತ್ತಿದ್ದ ಕೀಲೆಣ್ಣೆಯಲ್ಲಿ ಹರಳೆಣ್ಣೆ ಇರುತ್ತಿತ್ತು, ಸುಟ್ಟ ಹುಲ್ಲಿನ ಕರಿಯೂ ಇರುತ್ತಿತ್ತು. ಗಾಡಿಗೆ ನೇತುಹಾಕಿದ ಗೊಟ್ಟದಲ್ಲಿ ಅದು ಸದಾ ಸಿದ್ಧ. ಅದೇ ಹರಳೆಣ್ಣೆ ನಮ್ಮ ನೆತ್ತಿಗೂ ಬೀಳುತ್ತಿತ್ತು. ಕೆಲವು ಕೆಟ್ಟ ಬೆಳಗುಗಳಲ್ಲಿ ಮೂಗು ಹಿಡಿದು ಬಾಯಿಗೂ ಬೀಳುತ್ತಿತ್ತು. ಗಾಡಿ, ತಲೆ, ಹೊಟ್ಟೆ ಮೂರಕ್ಕೂ ಒಂದೇ ಗ್ರೇಡ್. ಶಿರಸಿ ಮಾವನ ಬಕೆಟ್ ಸಿದ್ಧಾಂತದ ಮೂಲಪುರುಷರು ನಮ್ಮಜ್ಜಿಯೇ ಇರಬೇಕು. ಇದನ್ನು ಹಳ್ಳಿಯ ಕತೆ ಎಂದು ನಗಬೇಕಾಗಿಲ್ಲ. ಮೊದಲ ಮಹಾಯುದ್ಧದ ವಿಮಾನಗಳಲ್ಲಿ ಸಿಲಿಂಡರುಗಳೇ ಗರಗರ ತಿರುಗುವ ಒಂದು ಬಗೆಯ ಎಂಜಿನ್ ಇತ್ತು. ಅದರಲ್ಲಿ ಪೆಟ್ರೋಲಿನ ಆವಿ ಕ್ರ್ಯಾಂಕ್ ಕೋಣೆಯ ಮೂಲಕವೇ ಹಾದುಹೋಗುತ್ತಿದ್ದರಿಂದ ಖನಿಜ ತೈಲ ಹಾಕಿದರೆ ಪೆಟ್ರೋಲಿನಲ್ಲಿ ಕರಗಿ ತೆಳುವಾಗಿಬಿಡುತ್ತಿತ್ತು. ಅಷ್ಟು ಸುಲಭಕ್ಕೆ ಕರಗದ ಹರಳೆಣ್ಣೆಯನ್ನೇ ಹಾಕುತ್ತಿದ್ದರು. ಒಮ್ಮೆ ಒಳಹೋದ ಎಣ್ಣೆ ಮರಳುತ್ತಿರಲಿಲ್ಲ, ಹೊಗೆಯ ಜೊತೆ ಪೈಲಟ್ಟಿನ ಮುಖಕ್ಕೇ ಎರಚುತ್ತಿತ್ತು. ಅದನ್ನು ನುಂಗಿ ನುಂಗಿ ಅವರ ಹೊಟ್ಟೆ ಕೆಟ್ಟ ಕತೆಗಳು ಇಂದಿಗೂ ಚಾಲ್ತಿಯಲ್ಲಿವೆ. ಚಿಕ್ಕಂದಿನಲ್ಲಿ ಹರಳೆಣ್ಣೆ ಕುಡಿದವರು ಯಾರೂ ಆ ಕತೆಗಳಿಗೆ ಸಾಕ್ಷಿ ಕೇಳುವುದಿಲ್ಲ. ಚಾರ್ಲ್ಸ್ ವೇಕ್‌ಫೀಲ್ಡ್ ಎಂಬಾತ 1899ರಲ್ಲಿ ಕಟ್ಟಿದ ಕಂಪನಿ, 1909ರಲ್ಲಿ ಹರಳೆಣ್ಣೆ ಬೆರೆಸಿದ ಹೊಸ ತೈಲವನ್ನು ಕ್ಯಾಸ್ಟ್ರಾಲ್ ಎಂಬ ಹೆಸರಿನಲ್ಲಿ ಮಾರಲು ತೊಡಗಿತು. ಅಮೆರಿಕದಲ್ಲಿ ಇನ್ನೂ ತಮಾಷೆ. ಜಾನ್ ಎಲ್ಲಿಸ್ ಎಂಬ ವೈದ್ಯ ಕಚ್ಚಾ ತೈಲದಲ್ಲಿ ರೋಗಿಗಳಿಗೆ ಏನಾದರೂ ಮದ್ದು ಸಿಕ್ಕೀತೇ ಎಂದು ಹುಡುಕುತ್ತ ಹೋದ. ಮದ್ದು ಸಿಗಲಿಲ್ಲ, ಉಗಿಯಂತ್ರದ ಕವಾಟಗಳಿಗೆ ಒಳ್ಳೆಯ ಎಣ್ಣೆ ಸಿಕ್ಕಿತು. 1866ರಲ್ಲಿ ಅವನು ಶುರುಮಾಡಿದ ವ್ಯಾಪಾರವೇ ಮುಂದೆ ವ್ಯಾಲ್ವೊಲಿನ್ ಆಯಿತು.

ತೆಳು ಎಣ್ಣೆಯ ಪರವಾಗಿ ಇಷ್ಟು ವಕಾಲತ್ತು ಮಾಡಿದ ಮೇಲೆ ಒಂದು ಅನುಮಾನವನ್ನೂ ಹೇಳಿಬಿಡುತ್ತೇನೆ. ಈಗಿನ ಎಷ್ಟೋ ಪೆಟ್ರೋಲ್ ಕಾರುಗಳ ಕೈಪಿಡಿಗಳು 0ಡಬ್ಲ್ಯು-20 ಎನ್ನುತ್ತವೆ, ಕೆಲವು 0ಡಬ್ಲ್ಯು-16ಕ್ಕೂ ಇಳಿದಿವೆ. ಇದಕ್ಕೆ ಎಂಜಿನ್ನಿನ ಆರೋಗ್ಯವೊಂದೇ ಕಾರಣವಲ್ಲ. ನಮ್ಮಲ್ಲಿ 2017-18ರಿಂದ, ಪ್ರತಿ ಕಂಪನಿ ಮಾರುವ ಕಾರುಗಳೆಲ್ಲ ಸರಾಸರಿ ಇಷ್ಟಕ್ಕಿಂತ ಹೆಚ್ಚು ಇಂಧನ ಕುಡಿಯಬಾರದೆಂಬ ನಿಯಮ ಬಂದಿದೆ. 2022-23ರಿಂದ ಅದು ಇನ್ನಷ್ಟು ಬಿಗಿಯಾಯಿತು. ತೆಳು ಎಣ್ಣೆಯಿಂದ ಉಳಿಯುವ ಇಂಧನ ನನ್ನ ಒಂದು ಕಾರಿಗೆ ಚಿಲ್ಲರೆ ಕಾಸು. ಲಕ್ಷಗಟ್ಟಲೆ ಕಾರು ಮಾರುವವರ ಸರಾಸರಿಗೆ ಅದು ದೊಡ್ಡ ಮೊತ್ತ. ಹಾಗಾಗಿ ಕೈಪಿಡಿಯನ್ನು ವೇದವಾಕ್ಯ ಎನ್ನಲು ನನಗೆ ಮನಸ್ಸಿಲ್ಲ. ಎಷ್ಟೋ ಕೈಪಿಡಿಗಳಲ್ಲಿ ಒಂದೇ ದರ್ಜೆಯ ಬದಲು ಹವಾಮಾನದ ಪಟ್ಟಿ ಕೊಟ್ಟು, ಎರಡು ಮೂರು ದರ್ಜೆಗಳಿಗೆ ಅನುಮತಿ ಇರುತ್ತದೆ. ಅಂಥ ಕಡೆ, ಕಲಬುರಗಿಯ ಬೇಸಿಗೆಯಲ್ಲಿ ಹೆದ್ದಾರಿ ಓಡಿಸುವವರು, ಮನೆಮಂದಿಯನ್ನೆಲ್ಲ ತುಂಬಿಕೊಂಡು ಚಾರ್ಮಾಡಿ ಏರುವವರು, ಅನುಮತಿಯೊಳಗಿನ ದಪ್ಪದ್ದನ್ನು ಆರಿಸಿಕೊಂಡರೆ ನಾನು ಬೇಡವೆನ್ನುವುದಿಲ್ಲ. 150 ಡಿಗ್ರಿಯಲ್ಲಿ, ಭಾರೀ ಒತ್ತಡದಲ್ಲಿ ಎಣ್ಣೆಯ ದಪ್ಪ ಎಷ್ಟು ಉಳಿಯುತ್ತದೆ ಎಂಬುದಕ್ಕೆ ಬೇರೆಯೇ ಪರೀಕ್ಷೆಯಿದೆ. ಅದರಲ್ಲಿ 20ರ ದರ್ಜೆಗೆ ಬೇಕಾದ ಕನಿಷ್ಠ ಅಂಕ 2.6, 30ಕ್ಕೆ 2.9, ಯೂರೋಪಿನ ಕೆಲವು ಮಾನದಂಡಗಳು 3.5 ಕೇಳುತ್ತವೆ. ಪಟ್ಟಿಯಲ್ಲಿ ಇಲ್ಲದ್ದನ್ನು ಮಾತ್ರ ಯಾರ ಮಾತಿಗೂ ಹಾಕಿಸಬೇಡಿ, ಅವರು ದೊಡ್ಡಪ್ಪನೇ ಆಗಿರಲಿ.

ಕ್ಯಾನಿನ ಮೇಲೆ ಸಂಖ್ಯೆಯ ಪಕ್ಕದಲ್ಲೇ ಇರುವ ಅಕ್ಷರಗಳನ್ನು ಯಾರೂ ಓದುವುದಿಲ್ಲ, ನಿಜವಾದ ಗುಣ ಅಡಗಿರುವುದು ಅಲ್ಲಿ. ಎಪಿಐ ಎಂಬ ಸಂಸ್ಥೆಯ ಲೆಕ್ಕದಲ್ಲಿ ಎಸ್ ಎಂದು ಶುರುವಾಗುವುದು ಪೆಟ್ರೋಲಿಗೆ, ಸಿ ಎಂದು ಶುರುವಾಗುವುದು ಡೀಸೆಲಿಗೆ. ಎರಡನೆಯ ಅಕ್ಷರ ವರ್ಣಮಾಲೆಯಲ್ಲಿ ಮುಂದೆ ಹೋದಷ್ಟೂ ಎಣ್ಣೆ ಹೊಸ ಕಾಲದ್ದು: 2010ರದ್ದು ಎಸ್‌ಎನ್, 2020ರದ್ದು ಎಸ್‌ಪಿ. ಈ ಎಸ್‌ಪಿ ಹುಟ್ಟಿದ್ದಕ್ಕೆ ಒಂದು ಕಾರಣ, ಸಣ್ಣ ಟರ್ಬೋ ಪೆಟ್ರೋಲ್ ಎಂಜಿನ್ನುಗಳಲ್ಲಿ ಕಡಿಮೆ ವೇಗದಲ್ಲಿ ಒತ್ತಿ ಏರಿಸಿದಾಗ ಸ್ಪಾರ್ಕಿಗೆ ಮೊದಲೇ ಬೆಂಕಿ ಹೊತ್ತಿಕೊಂಡು ಪಿಸ್ಟನ್ ಒಡೆಯುವ ಪೀಡೆ. ಎಣ್ಣೆಯಲ್ಲಿನ ಕ್ಯಾಲ್ಸಿಯಂ ಕೂಡ ಅದಕ್ಕೆ ಇಂಬುಕೊಡುತ್ತದೆ ಎಂದು ತಿಳಿದ ಮೇಲೆ ಒಳಗಿನ ಮಸಾಲೆಯನ್ನು ಬದಲಿಸಿದರು. ಟರ್ಬೋ ಪೆಟ್ರೋಲ್ ಇಟ್ಟುಕೊಂಡವರು ದಪ್ಪ ತೆಳುವಿನ ವ್ಯಾಜ್ಯ ಬಿಟ್ಟು ಮೊದಲು ಈ ಅಕ್ಷರ ನೋಡಿಕೊಳ್ಳುವುದು ಮೇಲು. ಹೊಸದೆಲ್ಲ ಹಳೆಯದಕ್ಕೆ ಒಗ್ಗಿಯೇ ಒಗ್ಗುತ್ತದೆ ಎಂದೂ ಇಲ್ಲ. ಸವೆತ ತಡೆಯುವ ಸತು-ರಂಜಕದ ಸಂಯುಕ್ತವೊಂದು ಎಣ್ಣೆಯಲ್ಲಿ ಹಿಂದಿನಿಂದ ಇದೆ. ರಂಜಕ ಸೈಲೆನ್ಸರಿನ ಕ್ಯಾಟಲಿಟಿಕ್ ಕನ್ವರ್ಟರನ್ನು ಹಾಳು ಮಾಡುತ್ತದೆಂದು ತೆಳು ದರ್ಜೆಗಳಲ್ಲಿ ಅದಕ್ಕೆ ಮಿತಿ ಹಾಕಿದ್ದಾರೆ. ಪ್ರೀತಿಯಿಂದ ಪದ್ಮಿನಿ, ಅಂಬಾಸಿಡರ್ ಸಾಕಿಕೊಂಡವರು 20ಡಬ್ಲ್ಯು-50 ಹುಡುಕುವುದರಲ್ಲಿ ಅರ್ಥವಿದೆ. ದೊಡ್ಡಪ್ಪ, ಇದೊಂದು ವಾಕ್ಯ ನಿಮಗೆ.

ಡೀಸೆಲ್ ಕಾರಿನವರ ಪಾಡು ಬೇರೆ. 2020ರ ಏಪ್ರಿಲ್ 1ರಿಂದ ಬಿಎಸ್-6 ಬಂದ ಮೇಲೆ ಡೀಸೆಲ್ ಕಾರುಗಳ ಹೊಗೆದಾರಿಯಲ್ಲಿ ಮಸಿ ಹಿಡಿಯುವ ಫಿಲ್ಟರೊಂದು ಕೂತಿದೆ. ಎಣ್ಣೆ ಸುಟ್ಟು ಉಳಿಯುವ ಬೂದಿ ಅದರಲ್ಲಿ ತುಂಬಿದರೆ ಮತ್ತೆ ಹೊರಬರುವುದಿಲ್ಲ, ಆದ್ದರಿಂದ ಬೂದಿ ಕಡಿಮೆಯಿರುವ, ಯೂರೋಪಿನ ಸಿ2, ಸಿ3 ಎಂಬ ದರ್ಜೆಯ ಎಣ್ಣೆಯೇ ಬೇಕು. ಮಾವನ ಬಕೆಟ್ ಇಲ್ಲಿ ನಡೆಯುವುದಿಲ್ಲ. ಮಸಿಯನ್ನು ಮಾತ್ರ ಕಾರು ತಾನೇ ಆಗಾಗ ಸುಟ್ಟುಕೊಳ್ಳುತ್ತದೆ. ಹಾಗೆ ಸುಡಲು ಒಂದಿಷ್ಟು ಹೊತ್ತು ತಡೆಯಿಲ್ಲದೆ ಓಡಬೇಕು. ಬೆಂಗಳೂರಿನಲ್ಲಿ ತಡೆಯಿಲ್ಲದ ರಸ್ತೆ ಎಲ್ಲಿಂದ ತರುವುದು? ಅರ್ಧಕ್ಕೆ ನಿಂತ ಸುಡುವಿಕೆಗೆಂದು ಚಿಮ್ಮಿಸಿದ ಡೀಸೆಲ್ ಸಿಲಿಂಡರಿನ ಗೋಡೆಯಿಂದ ಇಳಿದು ಎಣ್ಣೆಗೇ ಸೇರುತ್ತದೆ. ಡಿಪ್‌ಸ್ಟಿಕ್ ಎಳೆದು ನೋಡಿದರೆ ಎಣ್ಣೆ ಇಳಿಯುವ ಬದಲು ಏರಿದೆ! ಪರಿಚಯದವರೊಬ್ಬರು ಇದನ್ನು ಮನೆಗೆ ಲಕ್ಷ್ಮಿ ಬಂದಂತೆ ಹೇಳಿಕೊಂಡರು. ಅದು ತೆಳುವಾಗಿ ಕೆಟ್ಟ ಎಣ್ಣೆ, ಮೊದಲು ಬದಲಿಸಿ ಎಂದು ಹೇಳಿ ಅವರ ಸಂತೋಷ ಕೆಡಿಸಬೇಕಾಯಿತು.

ಕೈಪಿಡಿಯಲ್ಲಿ ಯಾರೂ ತಿರುಗಿಸದ ಇನ್ನೊಂದು ಪುಟವಿರುತ್ತದೆ. ಕಠಿಣ ಪರಿಸ್ಥಿತಿಯಲ್ಲಿ ಓಡುವ ಕಾರಿನ ಎಣ್ಣೆಯನ್ನು ಬೇಗ ಬದಲಿಸಿ ಎಂದು ಹೇಳುವ ಪುಟ. ಕಠಿಣ ಎಂದರೆ ಮರುಭೂಮಿ, ಹಿಮಪರ್ವತ ಇರಬೇಕೆಂದುಕೊಂಡು ಓದಿದರೆ: ಪದೇ ಪದೇ ನಿಂತು ಹೊರಡುವ ಸಂಚಾರ, ಹೆಚ್ಚು ಹೊತ್ತು ನಿಂತಲ್ಲೇ ಎಂಜಿನ್ ಓಡುವುದು, ದೂಳು, ಚಿಕ್ಕ ಚಿಕ್ಕ ಓಡಾಟ. ಸಿಲ್ಕ್ ಬೋರ್ಡಿನಿಂದ ಮಾರತಹಳ್ಳಿಗೆ ನಿತ್ಯ ಹೋಗುವವನ ದಿನಚರಿಯನ್ನು ಯಾರೋ ಕದ್ದು ಬರೆದಂತಿದೆ. ಪಕ್ಕದ ಬೀದಿಯ ಯಜಮಾನರ ಕಾರು ಮಾತ್ರ ದೇವಸ್ಥಾನ ಮತ್ತು ದೇವರಾಜ ಮಾರ್ಕೆಟ್ ಬಿಟ್ಟು ಬೇರೆ ಊರು ಕಂಡಿಲ್ಲ. "ಓಡೇ ಇಲ್ಲವಲ್ರೀ, ಎಣ್ಣೆ ಯಾಕೆ ಕೆಡುತ್ತೆ?" ಎನ್ನುತ್ತಾರೆ. ಎಂಜಿನ್ ಪೂರ್ತಿ ಬಿಸಿಯಾಗುವಷ್ಟು ಓಡದ್ದರಿಂದಲೇ ಕೆಡುತ್ತದೆ. ಒಳಗೆ ಸೇರಿದ ನೀರಿನ ಪಸೆ, ಪೆಟ್ರೋಲು ಆವಿಯಾಗಿ ಹೋಗಲು ಹೊತ್ತೇ ಸಿಗುವುದಿಲ್ಲ. ಹತ್ತು ಸಾವಿರ ಕಿಲೋಮೀಟರ್ ಅಥವಾ ಒಂದು ವರ್ಷ ಎಂದು ಬರೆದಲ್ಲಿ ಅವರು ಮೊದಲರ್ಧ ಮಾತ್ರ ಓದಿದ್ದಾರೆ.

ಗ್ಯಾರೇಜಿನಲ್ಲಿ ಡಿಪ್‌ಸ್ಟಿಕ್ಕಿನ ತುದಿಯ ಎಣ್ಣೆಯನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಉಜ್ಜಿ, ಮೂಸಿ, "ಪವರ್ ಹೋಗಿದೆ ಸಾರ್, ಕಪ್ಪಾಗಿದೆ" ಎಂದು ತೀರ್ಪು ಕೊಡುತ್ತಾರಲ್ಲ, ಆ ಬೆರಳುಗಳ ಬಗ್ಗೆ ನನಗೆ ಗೌರವವಿದೆ. ಮರಳು ತಗುಲಿದರೆ ಅವಕ್ಕೆ ಗೊತ್ತಾಗುತ್ತದೆ, ಪೆಟ್ರೋಲ್ ಬೆರೆತಿದ್ದರೆ ಮೂಗಿಗೆ ಗೊತ್ತಾಗುತ್ತದೆ, ಕಾಫಿಯ ಬಣ್ಣಕ್ಕೆ ತಿರುಗಿ ನೊರೆಗಟ್ಟಿದ್ದರೆ ಕೂಲೆಂಟ್ ಸೇರಿದೆ ಎಂದು ಕಣ್ಣಿಗೇ ಗೊತ್ತಾಗುತ್ತದೆ. ಕಪ್ಪು ಬಣ್ಣ ಮಾತ್ರ ಸಾಕ್ಷಿಯಲ್ಲ. ಮಸಿಯನ್ನು ಎಂಜಿನ್ನಿನ ಮೈಗೆ ಅಂಟಗೊಡದೆ ತನ್ನೊಳಗೇ ತೇಲಿಸಿಟ್ಟುಕೊಳ್ಳುವುದು ಎಣ್ಣೆಯ ಕೆಲಸ. ಡೀಸೆಲ್ ಕಾರಿನಲ್ಲಿ ಹೊಸ ಎಣ್ಣೆ ನಾಲ್ಕು ದಿನಕ್ಕೇ ಕಪ್ಪಾಗುತ್ತದೆ. ಅಗಸನ ನೀರು ಕಪ್ಪಾಯಿತೆಂದು ಯಾರಾದರೂ ಅಗಸನ ಮೇಲೆ ತಪ್ಪು ಹೊರಿಸುತ್ತಾರೆಯೇ?

ಭಾವನ ಫುಲ್ಲಿ ಸಿಂಥೆಟಿಕ್ ವಿಷಯಕ್ಕೆ ಬರುತ್ತೇನೆ. ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಕಚ್ಚಾ ತೈಲವನ್ನು ಸೋಸಿ ಮಾಡಿದ್ದು ಮಿನರಲ್, ಪ್ರಯೋಗಶಾಲೆಯ ಕ್ರಮದಲ್ಲಿ ಅಣುಗಳನ್ನು ಕಟ್ಟಿ ಮಾಡಿದ್ದು ಸಿಂಥೆಟಿಕ್ ಎಂಬ ಗೆರೆ ಒಂದು ಕಾಲಕ್ಕೆ ಸ್ಪಷ್ಟವಿತ್ತು. ಆಮೇಲೆ ಕಚ್ಚಾ ತೈಲವನ್ನೇ ಹೈಡ್ರೋಜನ್ನಿನ ಜೊತೆ ಒಡೆದು ಜೋಡಿಸಿ, ಹೆಚ್ಚುಕಡಿಮೆ ಅಷ್ಟೇ ಒಳ್ಳೆಯ ಎಣ್ಣೆ ತೆಗೆಯುವುದನ್ನು ಕಲಿತರು. ಅದನ್ನೂ ಸಿಂಥೆಟಿಕ್ ಎನ್ನಬಹುದೇ ಎಂದು ಅಮೆರಿಕದಲ್ಲಿ ಮೊಬಿಲ್ ಮತ್ತು ಕ್ಯಾಸ್ಟ್ರಾಲ್ ನಡುವೆ ಜಗಳವೇ ಆಯಿತು. ಜಾಹೀರಾತುಗಳ ತಕರಾರು ತೀರಿಸುವ ಅಲ್ಲಿನ ಮಂಡಳಿ 1999ರಲ್ಲಿ ಎನ್ನಬಹುದು ಎಂದು ಬಿಟ್ಟಿತು. ಅಲ್ಲಿಂದ ಗೆರೆ ಮಸುಕಾಗಿದೆ. ಸಿಂಥೆಟಿಕ್ ಒಳ್ಳೆಯದೇ, ಬಿಸಿ ತಡೆಯುತ್ತದೆ, ಚಳಿಯಲ್ಲಿ ಹರಿಯುತ್ತದೆ. ಟರ್ಬೋ ಕಾರಿಗೆ ಬೇಕೇ ಬೇಕು. ಆದರೆ ಭಾವ ಅದರ ಬಗ್ಗೆ ಮಾತಾಡುವಾಗ ದನಿಗೆ ಬರುವ ಪಾವಿತ್ರ್ಯ ಅಷ್ಟಾಗಿ ಬೇಕಿಲ್ಲ.

ಅವನ ಕಾರಿಗೆ ಮೂರು ಲೀಟರಿಗಿಂತ ತುಸು ಹೆಚ್ಚು ಹಿಡಿಯುತ್ತದೆ, ಕ್ಯಾನು ಮೂರೂವರೆ ಲೀಟರಿನದು. ಉಳಿದದ್ದನ್ನು ಏನು ಮಾಡುವುದು? ಅಷ್ಟು ದುಡ್ಡು ಕೊಟ್ಟ ಅಮೃತವನ್ನು ಮಗನ ಬೈಕಿಗೆ ಹಾಕಿಸಿದ. ಬೈಕು ಏರಿನಲ್ಲಿ ಸುಮ್ಮನೆ ಕಿರುಚುತ್ತದೆ, ಮುಂದೆ ಹೋಗುವುದಿಲ್ಲ. ಬಹುಪಾಲು ಬೈಕುಗಳಲ್ಲಿ ಕ್ಲಚ್ಚಿನ ತಟ್ಟೆಗಳು ಎಂಜಿನ್ನಿನ ಎಣ್ಣೆಯಲ್ಲೇ ಮುಳುಗಿರುತ್ತವೆ. ಕಾರಿನ ಎಣ್ಣೆಗೆ ಜಾರಿಕೆ ಹೆಚ್ಚಿಸುವ ಮದ್ದು ಹಾಕಿರುತ್ತಾರೆ. ಹಿಡಿಯಬೇಕಾದ ಕ್ಲಚ್ಚೂ ಅದರಿಂದ ಜಾರುತ್ತದೆ. ಎಣ್ಣೆ ಸೀಗೇಕಾಯಿ ಸಂಬಂಧ ಎನ್ನುವುದು ಇದಕ್ಕೇ. ಬೈಕಿನ ಎಣ್ಣೆಯ ಕ್ಯಾನಿನ ಮೇಲೆ ಜಾಸೊ ಎಂಎ ಎಂದು ಇರಬೇಕು. ಗೇರ್ ಇಲ್ಲದ ಸ್ಕೂಟರಿನ ಕ್ಲಚ್ ಒಣಗಿಯೇ ಇರುವುದರಿಂದ ಅದಕ್ಕೆ ಈ ತಾಪತ್ರಯವಿಲ್ಲ.

ದರ್ಜೆ, ಅಕ್ಷರ ಎಲ್ಲ ಆರಿಸಿದ ಮೇಲೆ ಕ್ಯಾನಿನೊಳಗೆ ಇರುವುದು ಅದೇ ಎಣ್ಣೆ ಎಂದು ನಂಬುವುದು ಹೇಗೆ? ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಬಿಡಿಭಾಗ ಕೊಂಡವರೆಲ್ಲ ಅಸಲಿ ನಕಲಿಯ ಜ್ಞಾನದಲ್ಲಿ ಅರ್ಧ ಪಂಡಿತರು. ಖಾಲಿ ಕ್ಯಾನುಗಳಿಗೆ ಒಂದು ಬೆಲೆಯಿದೆ, ಅದು ಪ್ಲಾಸ್ಟಿಕ್ಕಿನ ಬೆಲೆಗಿಂತ ಹೆಚ್ಚು ಎಂದಾದರೆ ಕೊಳ್ಳುವವನು ಅದರಲ್ಲಿ ಗಿಡ ಬೆಳೆಸುವುದಿಲ್ಲ. ನಾನು ಕ್ಯಾನಿನ ಬಾಯಿಯ ಸೀಲು ನನ್ನೆದುರಿಗೇ ಹರಿಸಿ, ಖಾಲಿಯಾದ ಮೇಲೆ ಸ್ಕ್ರೂ ಡ್ರೈವರಿನಿಂದ ತಳಕ್ಕೆ ಒಂದು ತೂತು ಹಾಕಿಸುತ್ತೇನೆ. ಗ್ಯಾರೇಜಿನ ಹುಡುಗ ಇದನ್ನು ನನ್ನ ಜಿಪುಣತನದ ಯಾವುದೋ ಹೊಸ ಬಗೆ ಎಂದುಕೊಂಡಿದ್ದಾನೆ. ದೊಡ್ಡ ಸರ್ವಿಸ್ ಸೆಂಟರುಗಳಲ್ಲಿ ಬ್ಯಾರೆಲ್ಲಿನಿಂದ ಬರುವ ಎಣ್ಣೆಯನ್ನು ನೋಡಲು ಬಿಡುವುದೂ ಅಪರೂಪ. ನಮ್ಮನ್ನು ಏಸಿ ಕೋಣೆಯಲ್ಲಿ ಕೂರಿಸಿ, ಕಾಫಿ ಕೊಟ್ಟು, ಟಿವಿ ಹಾಕುತ್ತಾರೆ. ಎಣ್ಣೆ ಬಂದಾಗ ಕಣ್ಣು ಮುಚ್ಚಿಕೊಂಡರಂತೆ ಎಂಬ ಗಾದೆಗೆ ಇಷ್ಟು ಅನುಕೂಲದ ಏರ್ಪಾಡನ್ನು ಹಿಂದಿನವರು ಊಹಿಸಿರಲಾರರು. ಗಾಜಿನಾಚೆ ನಿಂತು ನೋಡುತ್ತೇನೆಂದು ಕೇಳಿ. ಬೇಡವೆಂದರೆ ಬಿಲ್ಲಿನಲ್ಲಿ ದರ್ಜೆ, ಅಕ್ಷರ ಎರಡನ್ನೂ ಬರೆಯಿಸಿ.

ಹಳೆಯ ಎಣ್ಣೆ ಎಲ್ಲಿ ಹೋಗುತ್ತದೆ ಎಂದು ಒಮ್ಮೆ ವಿಚಾರಿಸಿದೆ. ಕಾಯಿದೆ ಕೇಳಿದರೆ, 2016ರ ಅಪಾಯಕಾರಿ ತ್ಯಾಜ್ಯದ ನಿಯಮಗಳ ಪ್ರಕಾರ ಅದು ಅನುಮತಿ ಪಡೆದ ಮರುಶುದ್ಧೀಕರಣದವರಿಗೆ ಹೋಗಬೇಕು. ಮಣ್ಣಿಗೆ, ಮೋರಿಗೆ ಬಿದ್ದರೆ ನೀರು ಕೆಡುತ್ತದೆ. ನಮ್ಮ ಗ್ಯಾರೇಜಿನ ಮೂಲೆಯ ಡ್ರಮ್ಮಿನ ಬಳಿ ಮಾತ್ರ ಒಬ್ಬ ಪ್ಲಾಸ್ಟಿಕ್ ಕೊಡ ಹಿಡಿದು ಕಾಯುತ್ತಿದ್ದ. ಮುಂದಿನ ಬೀದಿಯಲ್ಲಿ ಎದ್ದೇಳುತ್ತಿರುವ ಮನೆಯ ಸೆಂಟ್ರಿಂಗ್ ಕೆಲಸದವನು. ಕಾಂಕ್ರೀಟು ಅಂಟಿಕೊಳ್ಳದಿರಲೆಂದು ಶೀಟುಗಳಿಗೆ ಬಳಿಯುತ್ತಾರೆ, ಆಮೇಲೆ ಗಾರೆ ನಿಲ್ಲುವುದಿಲ್ಲವೆಂದು ಪ್ಲಾಸ್ಟರಿಂಗಿನವರು ಬೈಯುತ್ತಾರೆ. ಎಣ್ಣೆ ಆರಿಸುವ ಚಿಂತೆಯೇ ಇಲ್ಲದ ಒಬ್ಬ ಮನುಷ್ಯ ಕೊನೆಗೂ ಸಿಕ್ಕನೆಂದು ಕೇಳಿದೆ, "ಯಾವ ಎಣ್ಣೆ ಆದರೂ ನಡ್ಯುತ್ತೇನಪ್ಪ?"

ಅವನು ಡ್ರಮ್ಮಿಗೆ ಬೆರಳದ್ದಿ, ಉಜ್ಜಿ ನೋಡಿ, ಮುಖ ಸಿಂಡರಿಸಿದ. "ಇದು ಗಟ್ಟಿ ಸಾರ್, ಲಾರೀದು. ಡೀಸೆಲ್ ಬೆರೆಸಬೇಕು. ನಿಮ್ಮ ಕಾರಿಂದು ಬಿಚ್ಚಿದಾಗ ಹೇಳಿ, ತೆಳ್ಳಗಿದ್ರೇನೇ ಚೆನ್ನಾಗಿ ಹರಡೋದು."